ಮೇನ್‌ಗಿಂತ ಮೊದಲು ಇರುವವನು

ಅವನು ನಕ್ಕದ್ದನ್ನು ಗುರುದೇವಿ ನೋಡಿಬಿಟ್ಟಿದ್ದಳು.

ಬೋರ್ಡಿನ ಮೇಲೆ ದೊಡ್ಡದಾಗಿ ‘ಮೇನ್’ ಎಂದು ಬರೆದು, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವುತ್ತ, "ಸಿ ಪ್ರೋಗ್ರಾಂ ಶುರುವಾಗೂದು ಇಲ್ಲಿಂದ. ಇದಕ್ಕಿಂತ ಮೊದಲು ಏನೂ ಇಲ್ಲ" ಎಂದು ಹುಡುಗರಿಗೆ ಹೇಳುತ್ತಿದ್ದಳು. ಅದೇ ಹೊತ್ತಿಗೆ ವರಾಂಡದಲ್ಲಿ ಹಾಜರಿ ಪುಸ್ತಕ ಬಗಲಿಗಿಟ್ಟುಕೊಂಡು ಹೊರಟಿದ್ದ ಒಬ್ಬ ಮನುಷ್ಯ ಬಾಗಿಲ ಬಳಿ ತಡೆದು ನಿಂತ. ತುಟಿಯ ಒಂದು ತುದಿ ಮಾತ್ರ ಮೇಲೇರಿತು. ಹೊರಟುಹೋದ.

ಪಾಠ ಮುಗಿಯುವವರೆಗೆ ಆ ತುಟಿಯ ತುದಿ ಅವಳ ಕಣ್ಣಿಗೆ ಕಟ್ಟಿಕೊಂಡೇ ಇತ್ತು.

ವಿದ್ಯಾಗಿರಿಯ ಆ ಕಾಲೇಜಿಗೆ ಕಂಪ್ಯೂಟರ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಂಬತ್ತೆಂಟನೇ ಇಸವಿಯ ಆರಂಭ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಕೋಣೆಗಳು ಬಾಗಲಕೋಟೆಯಲ್ಲಿ ಎರಡು ಬಗೆ ಇದ್ದವು, ಒಂದು ದೇವರದು, ಇನ್ನೊಂದು ಕಂಪ್ಯೂಟರಿನದು. ಗುರುದೇವಿ ಅಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದಳು. ಆ ಮನುಷ್ಯ ಮೈಕ್ರೊಪ್ರೊಸೆಸರ್ ಕಲಿಸಲು ಹೊಸದಾಗಿ ಬಂದವನು. ಇಳಕಲ್ಲಿನವನು, ಹೆಸರು ಅಂದಾನಪ್ಪ. ಹಂಗಾಮಿ ನೌಕರಿ.

ಸ್ಟಾಫ್ ರೂಮಿನಲ್ಲಿ ಅವನು ಚಹಾ ಕುಡಿಯುತ್ತಿದ್ದ. ಅವಳು ನೇರ ಹೋಗಿ ಎದುರಿನ ಕುರ್ಚಿಯ ಹಿಂದೆ ನಿಂತಳು.

"ಯಾಕ ನಕ್ಕಿರಿ?"

ಅವನು ಬಸಿ ಕೆಳಗಿಟ್ಟ. "ನಾ ನಗಲಿಲ್ರಿ ಮೇಡಂ."

"ನಕ್ಕಿರಿ. ಎಡಗಡೆ ನಕ್ಕಿರಿ."

ಮೂಲೆಯಲ್ಲಿ ಕೂತು ಪೇಪರು ತಿದ್ದುತ್ತಿದ್ದ ಗಣಿತದ ಜುಲೇಖಾ ತಲೆಯೆತ್ತಿದಳು. ಬಾದಾಮಿಯವಳು, ಗುರುದೇವಿಯ ಗೆಳತಿ. "ಎಡಗಡಿ, ಬಲಗಡಿ ಎಲ್ಲಾ ನೋಡಿಯಲ್ಲ ನೀ. ಪಾಠ ಯಾವಾಗ ಮಾಡಿದಿ?"

ಅಂದಾನಪ್ಪನ ಕಿವಿ ಕೆಂಪಾದವು. "ತಪ್ಪು ತಿಳೀಬ್ಯಾಡ್ರಿ. ಮೇನ್‌ಗಿಂತ ಮೊದಲ ಏನೂ ಇಲ್ಲ ಅಂದ್ರೆಲ್ಲ, ಅದಕ್ಕ. ಮೊದಲ ಒಬ್ಬಾಂವ ಇರತಾನ್ರಿ. ಅವನ ಹೆಸರ ಯಾರೂ ಹೇಳೂದಿಲ್ಲ. ಕಂಪೈಲರ್ ಸುಮ್ಮನ ಅವನ್ನ ನಿಮ್ಮ ಪ್ರೋಗ್ರಾಮಿನ ಮುಂದ ಹಚ್ಚಿಬಿಡತೈತಿ."

"ಏನ್ ಮಾಡತಾನ ಅಂವಾ?"

"ಮನಿ ಸಜ್ಜು ಮಾಡತಾನ." ಅವನ ದನಿ ಇಳಿಯಿತು, ಪೂಜೆಯ ಸುದ್ದಿ ಹೇಳುವವನ ಹಾಗೆ. "ಮೊದಲ ಕುಂದ್ರಾಕ ಜಾಗಾ ನೋಡತಾನ. ತಾಟಿನ ಮ್ಯಾಲ ತಾಟು ಪೇರಸಿದಂಗ ಮಾತು ಪೇರಸಿ ಇಡಾಕ ಒಂದು ಕಟ್ಟಿ. ಸ್ಟ್ಯಾಕ್ ಅಂತೇವಲ್ರಿ, ಅದು. ಆಮ್ಯಾಲ ನೀವು ಬೆಲಿ ಕೊಟ್ಟು ಬರದ ಹೆಸರನ್ನೆಲ್ಲಾ ಅದರದರ ಗೂಡಿನ್ಯಾಗ ಒಯ್ದು ಇಡತಾನ. ಆಮ್ಯಾಲ ಮೂರು ಬಾಗಲಾ ತಗೀತಾನ. ಕೇಳೂದಕ್ಕ ಒಂದು, ಹೇಳೂದಕ್ಕ ಒಂದು, ತಪ್ಪಾದ್ರ ಕೂಗಿ ಹೇಳೂದಕ್ಕ ಒಂದು. ಹೊರಗಿಂದ ಬಂದ ಮಾತು ಏನೇನವ ಕೂಡಿಸಿ ಕೈಯಾಗ ಹಿಡಕೊಂಡು, ಆಮ್ಯಾಲ ಮೇನ್‌ನ್ನ ಕರೀತಾನ, ಬಾ ಅಂತ."

"ಕರದು ಏನ್ ಮಾಡತಾನ?"

"ಕಾಯ್ಕೋತ ಕೂಡತಾನ. ಮೇನ್ ತಿರುಗಿ ಬಂದ್ರ ಅದು ಹೇಳಿದ ಉತ್ತರ ಇಸ್ಕೊಂಡು, ಆಡಿ ಹೊರಗ ಬೀಳಲಾರದ ಮಾತು ಏನರ ಉಳದಿದ್ರ ಹೊರಗ ಹಾಕಿ, ತಗದ ಬಾಗಲಾ ಮುಚ್ಚಿ, ಹೋಗತಾನ."

ಜುಲೇಖಾ ಕೆಂಪು ಪೆನ್ನು ಕೆಳಗಿಟ್ಟಳು. "ಸರ್, ನಿಮಗ ಮೂರರಾಗ ಕೇಳೂ ಬಾಗಲಾ ಒಂದ ಐತಿ ಅಂತ ಮಾಡಿದ್ದೆ. ಇವತ್ತ ಗೊತ್ತಾತು, ಹೇಳೂದೂ ಐತಿ."

ಅವನು ನಕ್ಕ. ಈ ಸಲ ಎರಡೂ ಕಡೆ.

*

ಗುರುದೇವಿಯ ಊರು ಕಲಾದಗಿ. ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಮರುದಿನ ನಸುಕಿನಲ್ಲಿ ಎಚ್ಚರಾದಾಗ ಎಂದಿನಂತೆ ಅಪ್ಪ ರಾಚಪ್ಪ ಪೂಜೆಯ ಜಾಗ ಒರೆಸುತ್ತಿದ್ದ. ಆ ಕೆಲಸವನ್ನು ಅವನು ಬೇರೆ ಯಾರಿಗೂ ಬಿಟ್ಟವನಲ್ಲ. ಹಸಿ ಅರಿವೆ ನೆಲದ ಮೇಲೆ ಸರಿಯುವ ಸಪ್ಪಳ, ಹಿಂಡಿದ ನೀರು ಬಕೆಟ್ಟಿಗೆ ಬೀಳುವ ಸಪ್ಪಳ, ಆಮೇಲೆ ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಅಂಗೈಯ ಲಿಂಗದ ಮೇಲೆ ಕಣ್ಣಿಟ್ಟು, ಮೊದಲನೆಯ ವಚನ.

ಚಿಕ್ಕಂದಿನಿಂದ ಹಾಸಿಗೆಯಲ್ಲಿ ಬಿದ್ದುಕೊಂಡೇ ಅದನ್ನು ಕೇಳಿದವಳು. ವಚನ ಮೊದಲ ಶಬ್ದದಿಂದ ಶುರುವಾಗುತ್ತದೆ ಎಂದೇ ಇಷ್ಟು ವರ್ಷ ತಿಳಿದಿದ್ದಳು. ಇವತ್ತು ಹಸಿ ಅರಿವೆಯ ಸಪ್ಪಳವೂ ಅದರೊಳಗೇ ಸೇರಿದೆ ಅನ್ನಿಸಿತು. ಹೆಸರಿಲ್ಲದ ಆ ಮೊದಲಿನವನು ನೆನಪಾದ. ಅವನ ಜೊತೆಗೇ ಕೆಂಪಾದ ಎರಡು ಕಿವಿಗಳೂ ನೆನಪಾದವು.

ಬೆಳಗಿನ ಬಸ್ಸಿಗೆ ಅವಳು ಆವತ್ತು ಬೇಗನೇ ಹೊರಟಳು. ಯಾಕೆ ಎಂದು ಅಪ್ಪ ಕೇಳಲಿಲ್ಲ.

*

ಅಂದಾನಪ್ಪನ ಅವ್ವ ಸಂಗವ್ವ ಇಳಕಲ್ಲಿನಲ್ಲಿ ಸೀರೆ ನೇಯುವವಳು. ಈಚೆಗೆ ಅವಳ ಕಣ್ಣು ಮಂಜಾಗಿದ್ದವು. ಕೆಂಪು ಸೆರಗಿನಲ್ಲಿ ಬಿಳಿ ಪಟ್ಟಿ ಎಲ್ಲಿ ಬರಬೇಕು ಎಂದು ಎಳೆ ಎಣಿಸುವುದು ಕಷ್ಟವಾಗಿತ್ತು. ಮಗ ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ಕಟ್ಟುತ್ತಿದ್ದ. ಮಗ್ಗದ ಪ್ರತಿ ಹೊಡೆತಕ್ಕೂ ಅದು ಒಂದು ಎಣಿಸಬೇಕು. ಪಟ್ಟಿಯ ಜಾಗ ಬಂದಾಗ ದೀಪ ಹತ್ತಬೇಕು. ಅಷ್ಟೇ.

"ಎಣಿಸೂ ಪ್ರೋಗ್ರಾಂ ನೀವು ಬರದು ಕೊಡ್ತೀರೇನ್ರಿ?" ಎಂದು ಒಂದು ಮಧ್ಯಾಹ್ನ ಕೇಳಿದ. "ಮೊದಲಿನಾಂವನ ಕೆಲಸ ನಾ ಮಾಡತೇನಿ. ಈ ಬೋರ್ಡಿನ್ಯಾಗ ಡಾಸ್ ಇಲ್ಲ, ಕಂಪೈಲರ್ ಜೋಡಿ ಬರೂ ಲೈಬ್ರರಿ ಇಲ್ಲ, ಯಾರೂ ಇಲ್ಲ. ಮನಿ ಸಜ್ಜು ಮಾಡೂದನ್ನೂ ನಾವ ಬರೀಬೇಕು."

ನಾವೇ. ಆ ಶಬ್ದವನ್ನು ಅವಳು ಸಂಜೆಯ ಬಸ್ಸಿನಲ್ಲಿ ಕಲಾದಗಿಯವರೆಗೆ ಒಯ್ದಳು.

ಆಮೇಲಿನ ಮಧ್ಯಾಹ್ನಗಳೆಲ್ಲ ಆ ತಣ್ಣನೆಯ ಕೋಣೆಯಲ್ಲಿ ಕಳೆದವು. ಹೊರಗೆ ಬಿಸಿಲು ಕಲ್ಲು ಕಾಯಿಸುತ್ತಿತ್ತು. ಒಳಗೆ ಎರಡು ಕುರ್ಚಿ, ಒಂದು ಕೀಬೋರ್ಡು. ಅವಳು ಮೇನ್ ಬರೆದಳು, ಅವನು ಅದಕ್ಕಿಂತ ಮೊದಲಿನದನ್ನು ಬರೆದ. ಅವಳು ಟೈಪು ಮಾಡುವಾಗ ಅವನು ಪರದೆ ನೋಡುತ್ತಿದ್ದ. ಅವಳು ಪರದೆ ನೋಡುವಾಗ ಅವನು ಏನು ನೋಡುತ್ತಿದ್ದ ಎಂಬುದು ಕಪ್ಪು ಗಾಜಿನಲ್ಲಿ ಹಸಿರು ಅಕ್ಷರಗಳ ನಡುವೆ ತೆಳುವಾಗಿ ಕಾಣುತ್ತಿತ್ತು. ಅವಳು ತಿರುಗಿದರೆ ಸಾಕು, ಅವನ ಕಣ್ಣು ಫ್ಯಾನಿನ ಮೇಲಿರುತ್ತಿತ್ತು.

"ಫ್ಯಾನಿಗೆ ಏನಾಗೇತ್ರಿ?"

"ಏನಿಲ್ರಿ. ತಿರಗಾಕತ್ತೈತಿ."

"ಅದಕ್ಕ ನೋಡ್ತೀರೇನು?"

"ನಿಂತ್ರ ನೋಡೂದಿಲ್ರಿ."

ಒಮ್ಮೆ ಅವಳು ಕೇಳಿದಳು, "ಈ ಬೋರ್ಡಿನ್ಯಾಗ ಮೇನ್ ತಿರುಗಿ ಬರೂದ ಇಲ್ಲಲ್ರಿ? ಕರೆಂಟ್ ಇರೂತನಕ ಎಣಿಸ್ಕೋತ ಇರತೈತಿ."

"ಬರೂದಿಲ್ಲ."

"ಮತ್ತ ಕರದ ಮ್ಯಾಲ ನೀವು ಯಾಕ ಇನ್ನೊಂದು ಸಾಲು ಬರದೀರಿ?"

"ಬಂದ್ರ ಇರಲಿ ಅಂತ. ಬಂದ್ರ ಅಲ್ಲೇ ನಿಂತು ಕಾಯೂದು." ಫ್ಲಾಪಿ ಹೊರಗೆ ತೆಗೆಯುತ್ತ ಅಂದ, "ಯಾರರ ತಿರುಗಿ ಬರೂ ಮುಂದ ಬಾಗಲದಾಗ ಯಾರೂ ಇಲ್ಲಂದ್ರ ಚಲೋ ಕಾಣೂದಿಲ್ರಿ."

ಅವಳ ಬೆರಳು ಕೀಲಿಯ ಮೇಲೇ ಉಳಿದವು. ಈಗ ಹೇಳಿಯಾನು ಎಂದು ಕಾದಳು. ಅವನು ಫ್ಲಾಪಿಯನ್ನು ಕಾಗದದ ಚೀಲದೊಳಗೆ ಜೋಪಾನವಾಗಿ ಇಳಿಸಿದ, ಡಬ್ಬಿ ಮುಚ್ಚಿದ, "ನಾಳೆ ನೋಡೂಣ್ರಿ" ಎಂದ.

ಆ ಸಂಜೆ ಮನೆಯಲ್ಲಿ ಅಪ್ಪ ಸಣ್ಣ ದನಿಯಲ್ಲಿ ಸುದ್ದಿ ಹೇಳಿದ. ಹಿಂದಿನ ತಿಂಗಳು ನೋಡಿಹೋದ ಹುನಗುಂದದವರು ಒಪ್ಪಿದ್ದಾರೆ. ಹುಡುಗ ಬ್ಯಾಂಕಿನಲ್ಲಿದ್ದಾನೆ. ಮುಂದಿನ ಗುರುವಾರ ಮಾತು ಕೇಳಿ ಕಳಿಸುತ್ತಾರೆ. "ನಿನ್ನ ಬಿಟ್ಟು ನಾ ಉತ್ತರ ಕೊಡೂದಿಲ್ಲ ಗುರು. ಅಷ್ಟರಾಗ ವಿಚಾರ ಮಾಡು."

ಅವಳು ತಲೆ ಆಡಿಸಿದಳು. ವಿಚಾರ ಮಾಡುವುದು ಅವಳದೇನೂ ಉಳಿದಿರಲಿಲ್ಲ. ಇನ್ನೊಬ್ಬರು ಬಾಯಿ ತೆರೆಯುವುದಷ್ಟೇ ಬಾಕಿ ಇತ್ತು.

*

ಭಾನುವಾರ ಬೋರ್ಡನ್ನು ಮಗ್ಗಕ್ಕೆ ಹಚ್ಚಲು, ಜುಲೇಖಾಳೂ ಸೇರಿ, ಮೂವರೂ ಇಳಕಲ್ಲಿನ ಬಸ್ಸು ಹತ್ತಿದರು. ಸ್ಟೀಲಿನ ಬುತ್ತಿ ಡಬ್ಬಿಯಲ್ಲಿ ಬೋರ್ಡು, ಅಂದಾನಪ್ಪನ ತೊಡೆಯ ಮೇಲೆ. ತಗ್ಗು ಬಂದಾಗಲೆಲ್ಲ ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದ.

"ಕೂಸು ಎತ್ತಿಕೊಂಡಂಗ ಕಾಣಸ್ತೀರಿ ಸರ್" ಎಂದಳು ಜುಲೇಖಾ. ಗುರುದೇವಿ ಕಿಟಕಿಯ ಹೊರಗೆ ನೋಡಿದಳು. ಹುನಗುಂದದ ಸ್ಟ್ಯಾಂಡು ಬಂತು, ಬಸ್ಸು ನಿಂತಿತು. ಇಳಿಯುವವರು ಇಳಿದರು. ಈ ಊರಿನಲ್ಲಿ ತಾನು ಇಳಿಯುವ ದಿನವೊಂದು ಬರಬಹುದು ಎಂದು ನೆನೆದು ಅವಳು ಮುಖ ಒಳಗೆ ತಿರುಗಿಸಿಕೊಂಡಳು.

ಸಂಗವ್ವನ ಮನೆ ಎರಡು ಖೋಲಿ. ಒಂದರಲ್ಲಿ ನೆಲದೊಳಗೆ ಕಾಲಿಳಿಬಿಟ್ಟು ಕೂರುವ ಕುಣಿಮಗ್ಗ. ಅದರ ಪಕ್ಕದಲ್ಲಿ ಇನ್ನೊಂದು ಮಗ್ಗ ಬರಿದಾಗಿ ನಿಂತಿತ್ತು. ಮುದುಕಿ ಮಗನ ಮುಖ ನೋಡುವ ಮೊದಲು ಗುರುದೇವಿಯ ಕೈ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಹತ್ತಿರದಿಂದ ನೋಡಿದಳು.

"ನೀನ ಏನ್ ತಂಗಿ, ಮೇನ್?"

ಅಂದಾನಪ್ಪ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ತಲೆ ಮುಳುಗಿಸಿದ.

"ಮನಿಗೆ ಬಂದಾಗೆಲ್ಲಾ ಅದನ್ನ ಹೇಳತಾನವ್ವ," ಎಂದಳು ಸಂಗವ್ವ. "ಮೇನ್ ಹಂಗ ಬರದಾರ, ಮೇನ್ ಹಿಂಗ ಬರದಾರ. ಆಕಿ ಹೆಸರ ಮೇನ್ ಅಂತ ನಾ ತಿಳದಿದ್ದೆ."

ಸೀರೆಯ ಕಪ್ಪು ಒಡಲು ನೇಯ್ದು ಮುಗಿದಿತ್ತು. ಕೆಂಪು ಸೆರಗಿನ ಹಾಸನ್ನು, ಅಂದರೆ ಉದ್ದ ಎಳೆಗಳನ್ನು, ಕೊಂಡಿಗೆ ಕೊಂಡಿ ಕೂಡಿಸಿ ತಯಾರು ಮಾಡಿ ಇಟ್ಟಿದ್ದಳು. ಅಂದಾನಪ್ಪ ಸ್ವಿಚ್ಚು ಕಟ್ಟಿದ, ತಂತಿ ಎಳೆದ, ಚಿಕ್ಕ ದೀಪವನ್ನು ಅವ್ವನ ಕಣ್ಣಿಗೆ ಹತ್ತಿರವಾಗಿ ನಿಲ್ಲಿಸಿದ. "ಇದು ಎಲ್ಲಿ ಹತ್ತತೈತೊ ಅಲ್ಲಿ ಬಿಳಿ ಪಟ್ಟಿ ಹಾಕವ್ವಾ."

ಲಾಳಿ ಹೋಯಿತು, ಬಂತು. ಮಗ್ಗದ ಸಪ್ಪಳಕ್ಕೆ ತಾಳ ಹಿಡಿದಂತೆ ಮೂವರೂ ಉಸಿರಾಡಿದರು. ಕೆಂಪು ಇನ್ನೂ ಬೆರಳಗಲ ಬೆಳೆದಿರಲಿಲ್ಲ, ದೀಪ ಹತ್ತಿತು.

ಸಂಗವ್ವ ಬಿಳಿ ನೂಲಿನ ಲಾಳಿ ತೆಗೆದುಕೊಂಡು ಪಟ್ಟಿ ಹಾಕಿಯೇಬಿಟ್ಟಳು. ಮುಂದೆ ಒಂದಿಷ್ಟು ಕೆಂಪು ನೇಯ್ದ ಮೇಲೆ ಅವಳ ಬೆರಳು ಹಿಂದಕ್ಕೆ ಸರಿದು ಬಟ್ಟೆಯನ್ನು ಮುಟ್ಟಿ ನೋಡಿತು. ಕೈ ನಿಂತಿತು.

"ಭಾಳ ಲಗೂನ ಬಂತಲ್ಲೋ ಅಂದಾನಿ."

ಅವನು ಬಗ್ಗಿ ನೋಡಿದ. "ಬಿಚ್ಚೂಣೇನವ್ವಾ?"

"ಬಿಚ್ಚಿದ್ರ ಎಳಿ ಜಾಳಾಗತಾವ. ಇರಲಿ. ನಿನ್ನ ದೀಪಾ ಹತ್ತಿತು, ನಾ ಹಾಕಿದೆ. ಇಬ್ಬರದೂ ಸರಿ ಐತಿ." ಅವಳು ತಂತಿಯನ್ನು ತಾನೇ ಬಿಡಿಸಿ ಪಕ್ಕಕ್ಕಿಟ್ಟಳು, ಏನೂ ಆಗದವಳಂತೆ.

ಹಿತ್ತಲಲ್ಲಿ ಇಬ್ಬರೇ ನಿಂತರು. ಜುಲೇಖಾ ಒಲೆಯ ಮುಂದೆ ಸಂಗವ್ವನ ಜೊತೆ ಉಳಿದಿದ್ದಳು, ಬೇಕೆಂದೇ.

"ನಿಮ್ಮ ಎಣಿಕಿ ಸೊನ್ನಿಯಿಂದ ಶುರು ಆಗಿಲ್ರಿ," ಎಂದ ಅವನು. "ಯಾವುದೋ ದೊಡ್ಡ ಅಂಕಿಯಿಂದ ಶುರು ಆಗೇತಿ. ಸೊನ್ನಿ ಅಂತ ನೀವು ಬರದಿಲ್ಲ."

"ಬರೀಬೇಕಾಗಿಲ್ಲ. ಮೇನ್‌ನ ಹೊರಗ ಬರದ ಹೆಸರಿಗೆ ಬೆಲಿ ಕೊಡಲಿಲ್ಲಂದ್ರ ಅದು ಸೊನ್ನಿ ಅಂತ ಸಿ ಮಾತು ಕೊಟ್ಟೈತಿ. ಆ ಮಾತು ಉಳಸೂದು ಮೊದಲಿನಾಂವನ ಕೆಲಸ. ಪಿಸಿ ಮ್ಯಾಲ ಲೈಬ್ರರಿ ಉಳಸತಿತ್ತು. ಇಲ್ಲಿ ನೀವು ಉಳಸಬೇಕಿತ್ತು."

"ಲ್ಯಾಬಿನ್ಯಾಗ ಬೋರ್ಡ್ ಸರಿ ನಡದಿತ್ತಲ್ರಿ."

"ಅವತ್ತ ನೆನಪಿನ ಚಿಪ್ಪಿನ್ಯಾಗ ತಾನಾಗಿ ಸೊನ್ನಿ ಇದ್ದಿರಬೇಕು. ಇವತ್ತ ಇಲ್ಲ. ಬೆಲಿ ಇದ್ದದ್ದನ್ನೆಲ್ಲಾ ಒಯ್ದು ಇಟ್ಟೀರಿ, ನಾ ನೋಡೇನಿ. ಬೆಲಿ ಇಲ್ಲದ ಗೂಡು ಯಾಕ ಒರಸಲಿಲ್ಲ?"

ತೆರೆದ ಬಾಗಿಲೊಳಗಿಂದ ಕಾಣುವ ಬರಿದಾದ ಮಗ್ಗದ ಕಡೆ ಅವನು ಕೈ ತೋರಿಸಿದ. ನೇಯ್ದು ಕತ್ತರಿಸಿ ಒಯ್ದ ಸೀರೆಯ ತುದಿ ಎಳೆಗಳು ಅದರಲ್ಲಿ ಇನ್ನೂ ಜೋತುಬಿದ್ದಿದ್ದವು.

"ಹಾಸು ಮುಗದ ಮ್ಯಾಲ ಆ ತುದಿ ನಾವು ಕಿತ್ತು ಒಗಿಯೂದಿಲ್ರಿ. ಹೊಸಾ ಹಾಸಿನ ಎಳಿ ಒಂದೊಂದ ಅದಕ್ಕ ಹೊಸೆದು, ಮೆಲ್ಲಕ ಎಳೀತೇವಿ. ಹಳೇ ಎಳಿನ ಹೊಸಾದಕ್ಕ ದಾರಿ ತೋರಸತಾವ. ಯಾರರ ಅವನ್ನ ಕಡದು ಸ್ವಚ್ಛ ಮಾಡಿದ್ರ ಮನಿಯಾಗ ಊಟಾ ಇಲ್ಲ ಆವತ್ತ. ಸಣ್ಣಾಂವ ಇದ್ದಾಗ ಒಮ್ಮೆ ನಾ ಕಡದಿದ್ದೆ. ಅಪ್ಪ ಹೊಡೀಲಿಲ್ಲ, ಸುಮ್ಮನ ಕುಂತು ಅತ್ತ." ತನ್ನ ಕೈ ನೋಡಿಕೊಂಡ. "ಮೊದಲಿದ್ದದ್ದನ್ನ ಮುಟ್ಟಬಾರದು ಅನ್ನೂದು ಈ ಕೈಯಾಗ ಕುಂತೈತಿ. ಬರಿಯೂ ಮುಂದ ಒರಸಬೇಕು ಅಂತ ಹೊಳೀಲಿಲ್ಲ."

ಅವಳಿಗೆ ಸಿಟ್ಟು ಇಳಿದುಹೋಯಿತು. "ನಮ್ಮಲ್ಲಿ ಒರಸಲಾರದ ನೆಲದ ಮ್ಯಾಲ ಅಪ್ಪ ಬಾಯಿ ತಗಿಯೂದಿಲ್ಲ. ಯಾರೋ ಒರಸಿರತಾರ ಅಂತ ನಾ ಬಂದು ಕುಂತೆ."

ಇಬ್ಬರೂ ನಕ್ಕರು. ಕೇಳಿಯೇಬಿಡಬೇಕು ಅನ್ನಿಸಿತು ಗುರುದೇವಿಗೆ. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಸಿಗಲಾರದು.

"ಹಂಗಾದ್ರ ಹೇಳಲಾರದ್ದನ್ನ ಏನಂತ ತಿಳೀಬೇಕ್ರಿ? ಸೊನ್ನಿ ಅಂತನೊ, ಒಳಗ ಏನೋ ಉಳದೈತಿ ಅಂತನೊ?"

"ಪ್ರೋಗ್ರಾಮಿನ್ಯಾಗೇನ್ರಿ?"

"ಪ್ರೋಗ್ರಾಮಿನ್ಯಾಗ ಅಂತನ ತಿಳೀರಿ."

ಅವನು ಜೇಬಿನಿಂದ ತಂತಿಯ ತುಂಡು ತೆಗೆದು ಬೆರಳಿಗೆ ಸುತ್ತತೊಡಗಿದ.

"ಹುನಗುಂದದವರು ನನ್ನ ಕೇಳ್ಯಾರ," ಎಂದಳು. "ಗುರುವಾರ ಅಪ್ಪಗ ಉತ್ತರ ಕೊಡಬೇಕು."

ಒಳಗೆ ಮಗ್ಗ ಮತ್ತೆ ಶುರುವಾಗಿತ್ತು. ಅವನು ಆ ಸಪ್ಪಳ ಕೇಳುತ್ತ ನಿಂತ. "ಹುಡುಗ ಏನ್ ಮಾಡತಾನ್ರಿ?"

"ಬ್ಯಾಂಕಿನ್ಯಾಗ ಅದಾನ. ಕಾಯಂ."

"ಕಾಯಂ," ಎಂದ ಅವನು. ಹಂಗಾಮಿ ನೌಕರಿಯವನ ಬಾಯಲ್ಲಿ ಆ ಶಬ್ದ ಒಣಗಿತು. "ನನ್ನದು ಇನ್ನೂ ಒಂದೂ ತಯಾರಿಲ್ರಿ. ನೌಕರಿ ಕಾಯಂ ಇಲ್ಲ, ಮನಿ ಬಾಡಗಿದು, ಅವ್ವನ ಕಣ್ಣಿಂದು ಬಾಕಿ ಐತಿ. ಎಲ್ಲಾ ಸಜ್ಜು ಆದ ಮ್ಯಾಲ..."

"ಆದ ಮ್ಯಾಲ?"

ಅವನು ನೆಲ ನೋಡಿದ.

"ಮೇನ್‌ನ್ನ ಕರಿಯಲಾರದ ತಯಾರಿ ಎಷ್ಟು ಚಂದ ಇದ್ರ ಏನ್ ಮಾಡೂದ್ರಿ ಸರ್" ಎಂದು ಅವಳು ಒಳಗೆ ಹೋದಳು.

ಹಿಂದಿರುಗುವ ಬಸ್ಸಿನಲ್ಲಿ ಗೆಳತಿಯರಿಬ್ಬರೇ. ಅವನು ಅವ್ವನ ಜೊತೆ ಉಳಿದಿದ್ದ. ಹುನಗುಂದ ದಾಟಿದ ಮೇಲೆ ಜುಲೇಖಾ ಅಂದಳು, "ಸೀಟ ಹಿಡೀಬೇಕಂದ್ರ ಕಿಟಕಿಯೊಳಗ ಒಂದು ವಸ್ತ್ರಾ ಆದ್ರೂ ಒಗೀತಾರ ಗುರು. ಇಂವಾ ಅದನ್ನೂ ಒಗೀಲಿಲ್ಲ."

ಗುರುದೇವಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬಿಸಿಲಿನ ಧೂಳು ಎಂದಳು. ಜುಲೇಖಾ ಕಿಟಕಿಯ ಗಾಜು ಸರಿಸಿದಳು, ನಂಬಿದವಳಂತೆ.

*

ಸೋಮವಾರ ಅವನು ಬರಲಿಲ್ಲ. ರಜೆ ಚೀಟಿ ಬಂದಿತ್ತು. ಮಂಗಳವಾರವೂ ಇಲ್ಲ.

ಕಂಪ್ಯೂಟರ್ ಕೋಣೆಯ ಬಾಗಿಲ ಬಳಿ ಚಪ್ಪಲಿ ಬಿಡುವಾಗ ಅವಳ ಕಣ್ಣು ತಾನಾಗಿ ಬಲಮೂಲೆಗೆ ಹೋಗುತ್ತಿತ್ತು. ಅವನು ಅಲ್ಲಿ ಬಿಡುತ್ತಿದ್ದ, ಗೋಡೆಗೆ ಒತ್ತಿ, ಯಾರಿಗೂ ಅಡ್ಡ ಬರದಂತೆ. ಈಗ ಅಲ್ಲಿ ಬರಿಯ ಧೂಳಿನ ಗುರುತು. ಫ್ಯಾನು ತಿರುಗುತ್ತಿತ್ತು. ಅದನ್ನು ನೋಡುವವರು ಯಾರೂ ಇರಲಿಲ್ಲ. ಒಮ್ಮೆ ಅವಳೇ ನೋಡಿದಳು, ಅವನಿಗೆ ಅದರಲ್ಲಿ ಏನು ಕಂಡಿತ್ತೋ ಎಂದು. ರೆಕ್ಕೆಯ ಮೇಲೆ ಜೇಡರ ಬಲೆ ಇತ್ತು.

ಬುಧವಾರ ಅವನ ಫ್ಲಾಪಿ ಹಾಕಿ ಅವನು ಬರೆದದ್ದನ್ನು ಮೊದಲಿನಿಂದ ಓದಿದಳು. ಕಟ್ಟೆ ಕಟ್ಟಿದ್ದ. ಬೆಲೆ ಇದ್ದ ಒಂದೊಂದನ್ನೂ ಅದರ ಗೂಡಿಗೆ ಒಯ್ದು ಮುಟ್ಟಿಸಿದ್ದ. ಅವಳು ಕೊಟ್ಟ ಒಂದು ಚಿಕ್ಕ ಅಂಕಿಯನ್ನೂ ಬಿಟ್ಟಿರಲಿಲ್ಲ. ಕೊಟ್ಟದ್ದನ್ನೆಲ್ಲ ಜೋಪಾನ ಮಾಡಿದ್ದ. ಕೊಡದೆ ಬಿಟ್ಟದ್ದರ ಮೇಲೆ ಕೈ ಹಾಕುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಇಡೀ ಅವನೇ ಅಲ್ಲಿದ್ದ.

ಅವಳು ಅವನ ಸಾಲುಗಳ ನಡುವೆ ತನ್ನದೊಂದು ಚಿಕ್ಕ ತುಂಡು ಸೇರಿಸಿದಳು. ಬೆಲೆ ಇಲ್ಲದ ಗೂಡುಗಳ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಒಂದೊಂದರಲ್ಲೂ ಸೊನ್ನೆ ಇಟ್ಟು ಬರುವ ಕೆಲಸ. ಅದಾದ ಮೇಲೆಯೇ ಮೇನ್‌ಗೆ ಕರೆ. ಕೋಣೆಯಲ್ಲಿ ಉಳಿದಿದ್ದ ಹಳೆಯ ಚಿಪ್ಪೊಂದನ್ನು ನೇರಳೆ ಬೆಳಕಿನ ಪೆಟ್ಟಿಗೆಯಲ್ಲಿ ಅಳಿಸಿ, ಅದರಲ್ಲಿ ಹೊಸ ಪ್ರೋಗ್ರಾಂ ಬರೆದಳು. ಬೋರ್ಡು ಇಳಕಲ್ಲಿನಲ್ಲಿತ್ತು. ಚಿಪ್ಪು ಅವಳ ಕೈಯಲ್ಲಿ ಉಳಿಯಿತು, ಕರೆಯುವವರಿಲ್ಲದೆ.

ಬೆರಳು ಸುಮ್ಮನಾದಾಗ ಒಂದು ಮಾತು ತಿಳಿಯಿತು. ಅವನ ಬಾಯಿಯ ದಾರಿ ಕಾಯುತ್ತ ತನ್ನ ಗೂಡನ್ನು ತಾನೇ ಒರೆಸದೆ ಬಿಟ್ಟಿದ್ದಾಳೆ. ಹುನಗುಂದಕ್ಕೆ ಹೇಳುವ ಉತ್ತರಕ್ಕೂ ಅವನು ಹೇಳುವ ಮಾತಿಗೂ ಗಂಟು ಹಾಕಿ ಕೂತಿದ್ದಾಳೆ. ಅವನು ಬಾರದಿದ್ದರೂ ಆ ಉತ್ತರ ಒಂದೇ ಅಲ್ಲವೇ?

*

ಗುರುವಾರ ನಸುಕು. ಒರೆಸಿದ ನೆಲ ಇನ್ನೂ ಹಸಿ ಇತ್ತು. ಅಪ್ಪ ಪೂಜೆ ಮುಗಿಸಿ ಏಳುವವರೆಗೆ ಅವಳು ಹೊಸ್ತಿಲಲ್ಲಿ ಕೂತಿದ್ದಳು.

"ಹುನಗುಂದದವರಿಗೆ ಏನಂತ ಹೇಳ್ಲಿ ಗುರು?"

"ಬ್ಯಾಡಂತ ಹೇಳಪ್ಪಾ."

"ಹುಡುಗ ಮನಸಿಗೆ ಬರಲಿಲ್ಲೇನು?"

"ಹುಡುಗ ಒಳ್ಳೆಯಾಂವ ಇರಬೇಕು. ಬ್ಯಾರೆಯವರನ್ನ ಮನಸಿನ್ಯಾಗ ಇಟ್ಕೊಂಡು ಅವರ ಮನಿಯಾಗ ಹೋಗಿ ಕುಂತ್ರ ಸುಳ್ಳು ಆಗತೈತಿ."

ರಾಚಪ್ಪ ವಿಭೂತಿಯ ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಮಗಳ ಎದುರು ಕೂತ. "ಆ ಬ್ಯಾರೆಯವರು ಬಂದು ಕೇಳ್ಯಾರೇನು?"

"ಇಲ್ಲ."

"ಕೇಳ್ತಾರೇನು?"

"ಗೊತ್ತಿಲ್ಲ."

"ಕೇಳಲಿಲ್ಲಂದ್ರ?"

"ಕೇಳಲಿಲ್ಲಂದ್ರೂ ಸುಳ್ಳು ಸುಳ್ಳ ಅಲ್ಲೇನಪ್ಪಾ."

ಹೊರಗೆ ಘಟಪ್ರಭೆಯ ಕಡೆಯಿಂದ ತಂಪು ಗಾಳಿ ಬಂತು. ಅಪ್ಪ ಹಸಿ ನೆಲದ ಕಡೆ ನೋಡಿದ. "ಆತು," ಎಂದ. "ಒರಸಿದ್ದು ಆತು. ಇನ್ನ ಮಾತು ಬರೂದು ಅದರ ಪುಣ್ಯ."

ಮಧ್ಯಾಹ್ನ ಅವಳು ಕಂಪ್ಯೂಟರ್ ಕೋಣೆಗೆ ಬಂದಾಗ ಬಲಮೂಲೆಯಲ್ಲಿ, ಗೋಡೆಗೆ ಒತ್ತಿ, ಧೂಳಾದ ಒಂದು ಜೊತೆ ಚಪ್ಪಲಿ ಇದ್ದವು.

ಅವಳು ತನ್ನ ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡಳು.

ಒಳಗೆ ಅವನು ನಿಂತಿದ್ದ. ಮೇಜಿನ ಮೇಲೆ ಬುತ್ತಿ ಡಬ್ಬಿ, ಅದರ ಪಕ್ಕ ಪೇಪರಿನಲ್ಲಿ ಸುತ್ತಿದ ಗಂಟು. ಅವನ ಬೆರಳ ತುದಿಗಳು ಬೂದಿಯಿಂದ ಬೆಳ್ಳಗಾಗಿದ್ದವು. ಹೊಸ ಹಾಸನ್ನು ಹಳೆಯದಕ್ಕೆ ಹೊಸೆಯುವಾಗ ಎಳೆ ಜಾರದಿರಲೆಂದು ಹಚ್ಚಿಕೊಳ್ಳುವ ಬೂದಿ. ತೊಳೆದರೂ ಗೆರೆಗಳಲ್ಲಿ ಉಳಿದಿತ್ತು.

"ಅವ್ವ ಸೀರಿ ಮುಗಿಸಿ ಕಡದ್ಲು," ಎಂದ. "ಮತ್ತೊಂದು ಹಾಸು ಹೊಸೆದು ಬಂದೆ." ಗಂಟನ್ನು ಅವಳ ಕಡೆ ಸರಿಸಿದ. "ಇದನ್ನ ನಿಮಗ ಕೊಟ್ಟಾಳ."

ಅವಳು ಪೇಪರು ಬಿಡಿಸಿದಳು. ಕಪ್ಪು ಒಡಲು, ಕೆಂಪು ಸೆರಗು. ಸೆರಗಿನ ಬುಡದಲ್ಲೇ, ಯಾವ ಇಳಕಲ್ ಸೀರೆಯಲ್ಲೂ ಇಲ್ಲದ ಜಾಗದಲ್ಲಿ, ಒಂಟಿ ಬಿಳಿ ಪಟ್ಟಿ.

"ಏನಂದ್ರು ಅವ್ವಾರು?"

ಅವನು ಫ್ಯಾನು ನೋಡಿದ. ಕಣ್ಣು ಇಳಿಸಿದ. "ಹುನಗುಂದಕ್ಕ ಹೋಗೂದಾದ್ರ ಇದನ್ನ ಉಡಬ್ಯಾಡನ್ನು, ಪಟ್ಟಿ ತಪ್ಪೇತಿ, ನಗತಾರ. ನಮ್ಮ ಮನಿಗೆ ಬರೂದಾದ್ರ ಉಟ್ಕೊಂಡು ಬಾ ಅನ್ನು. ಇಲ್ಲಿ ಅದು ತಪ್ಪಲ್ಲ. ಹಂಗಂದ್ಲು."

ಅವಳು ಬಿಳಿ ಪಟ್ಟಿಯ ಮೇಲೆ ಅಂಗೈ ಇಟ್ಟಳು. "ಇದು ಅವ್ವಾರ ಮಾತು."

"ಹೌದ್ರಿ."

"ನಿಮ್ಮ ಮಾತು?"

ಅವನ ಕೈ ಡಬ್ಬಿಯ ಕಡೆ ಹೋಯಿತು. ಅವಳು ಪರ್ಸಿನಿಂದ ಚಿಪ್ಪು ತೆಗೆದು ಅವನ ಬೂದಿಯ ಬೆರಳುಗಳ ಮೇಲೆ ಇಟ್ಟಳು. ಅವನು ಅದನ್ನು ಬೋರ್ಡಿನಲ್ಲಿ ಕೂಡಿಸಿದ, ಅಂಕಿ ತೋರುವ ಕೆಂಪು ಚೂರನ್ನು ಜೋಡಿಸಿದ, ಸ್ವಿಚ್ಚು ಒತ್ತಿದ. ಕೆಂಪು ಸೊನ್ನೆಯೊಂದು ಮೂಡಿ ನಿಂತಿತು.

"ಒರಸೀರಿ," ಎಂದ ಮೆಲ್ಲಗೆ.

"ನೀವು ಇಟ್ಟದ್ದು ಯಾವುದನ್ನೂ ಮುಟ್ಟಿಲ್ಲ. ಖಾಲಿ ಬಿಟ್ಟದ್ದನ್ನ ಅಷ್ಟ."

ಅವನು ಆ ಸೊನ್ನೆಯನ್ನು ನೋಡುತ್ತ ನಿಂತ. ಕಿವಿ ಕೆಂಪಾದವು. ಆಮೇಲೆ, ಎಷ್ಟೋ ಮಧ್ಯಾಹ್ನಗಳಲ್ಲಿ ಮೊದಲ ಸಲ, ಫ್ಯಾನನ್ನೂ ನೆಲವನ್ನೂ ಬಿಟ್ಟು ಅವಳನ್ನು ನೇರ ನೋಡಿದ.

"ನನ್ನ ನೌಕರಿ ಕಾಯಂ ಇಲ್ಲ. ಮನಿ ಸಜ್ಜಿಲ್ಲ. ಬಾಗಲಕ್ಕ ಬಣ್ಣ ಸೈತ ಇಲ್ಲ. ಆದ್ರ ನೀವು ಇಲ್ಲದ ಮನಿ ಎಷ್ಟು ಸಜ್ಜಾದ್ರೂ ನಾ ಬರೇ ಬಾಗಲಾ ಕಾಯ್ಕೋತ ಕೂಡಾಂವ. ನನ್ನ ಮಾಡ್ಕೋತೀರೇನು ಗುರುದೇವಿ?"

ಅವಳ ಹೆಸರು ಅವನ ಬಾಯಲ್ಲಿ ಅದೇ ಮೊದಲ ಸಲ. ಅಪ್ಪನ ನಸುಕಿನ ದನಿ ಕೇಳುವಾಗಿನಂತೆ ಅವಳು ಕಣ್ಣು ಮುಚ್ಚಿದಳು. ಆ ಮಾತು ಕಿವಿಯೊಳಗೆ ಪೂರ್ತಿ ಇಳಿಯುವವರೆಗೆ ತೆರೆಯಲಿಲ್ಲ.

"ಹುನಗುಂದಕ್ಕ ಮುಂಜಾನೇನ ಬ್ಯಾಡಂದೇನಿ," ಎಂದಳು.

"ನಾ ಹೇಳೂಕಿಂತ ಮೊದಲ?"

"ಮೊದಲ."

"ನಾ ಹೇಳಲಾರದ ಹಂಗ ಉಳದಿದ್ರ?"

"ನೀವು ಕಾಯ್ಕೋತ ಕೂಡೂ ಸಾಲು ಬರದೀರಿ. ನಾ ಅದನ್ನ ಓದೇನಿ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಯಿತು, ನಿಂತಿತು. ಬೋರ್ಡು ಕಪ್ಪಾಯಿತು. ಹೊರಗಿನ ಬಿಸಿಲು ಕಿಟಕಿಯ ಪರದೆಯ ಸಂದಿಯಿಂದ ಕೆಂಪು ಸೆರಗಿನ ಮೇಲೆ ಬಿದ್ದು ಆ ಒಂಟಿ ಬಿಳಿ ಪಟ್ಟಿಯನ್ನು ಬೆಳಗಿತು. ಅವನ ಬೆರಳುಗಳು ಸೀರೆಯ ಅಂಚಿನವರೆಗೆ ಬಂದು ಅಲ್ಲೇ ತಡೆದವು. ಅವಳ ಬೆರಳುಗಳು ಉಳಿದ ದಾರಿ ನಡೆದವು. ಬೂದಿ ಅವಳ ಕೈಗೂ ಹತ್ತಿತು.

ಕರೆಂಟು ಬಂತು. ಫ್ಯಾನು ಮತ್ತೆ ತಿರುಗಿತು. ಬೋರ್ಡು ತನ್ನಷ್ಟಕ್ಕೆ ತಾನೇ ಎದ್ದು, ಗೂಡುಗಳನ್ನು ಒರೆಸಿಕೊಂಡು, ಕೆಂಪು ಸೊನ್ನೆ ತೋರಿಸಿ ಕಾದು ನಿಂತಿತು.

ಗುರುದೇವಿ ಅದನ್ನು ನೋಡಿದಳು, ಅವನನ್ನು ನೋಡಿದಳು. ಎಡಗಡೆ ನಕ್ಕಳು.

"ಎಲ್ಲಾ ಮೊದಲಿಂದ ಶುರು ಆತಲ್ರಿ," ಎಂದಳು. "ಈಗ ಹೇಳಿದ್ದನ್ನ ಮತ್ತ ಹೇಳ್ರಿ."

ಅವನು ಮತ್ತೆ ಹೇಳಿದ.